ಡಿಕ್ರಿ ತೀರಿತು ಎಂದು ಕೋರ್ಟಿಗೆ ಹೇಳಬೇಕಾದವರು ಯಾರು?

ಕೇಸು ಸೋತವರು ಡಿಕ್ರಿಯ ಹಣವನ್ನು ಬಡ್ಡಿ, ಖರ್ಚು ಸಮೇತ ಎಣಿಸಿ ಕೊಟ್ಟ ಮೇಲೆ ಸಾಲ ತೀರಿತು ಎಂದೇ ತಿಳಿಯುತ್ತಾರೆ. ಕೊಟ್ಟವರೂ ಹಾಗೆ, ಪಡೆದವರೂ ಹಾಗೆ. ಕೋರ್ಟು ಮಾತ್ರ ಹಾಗೆ ತಿಳಿಯುವುದಿಲ್ಲ. ಅದರ ಕಡತದಲ್ಲಿ ‘ಪೂರ್ತಿ ಸಂದಾಯವಾಗಿದೆ’ ಎಂಬ ದಾಖಲೆ ಬೀಳುವವರೆಗೆ ಡಿಕ್ರಿ ಜೀವಂತವಾಗಿಯೇ ಇರುತ್ತದೆ. ಹಣದ ಡಿಕ್ರಿಯನ್ನು 12 ವರ್ಷಗಳವರೆಗೆ ಜಾರಿ ಮಾಡಿಸಬಹುದು. ಅಷ್ಟು ಕಾಲ ಆ ಕಾಗದ ಯಾರ ಬೀರುವಿನಲ್ಲಿರುತ್ತದೋ, ಯಾರ ಮಕ್ಕಳ ಕೈಗೆ ಹೋಗುತ್ತದೋ ಹೇಳಲಾಗದು. ಆ ದಾಖಲೆ ಮಾಡಿಸುವ ಮೊದಲ ಹೊಣೆ ಹಣ ಕೊಟ್ಟವರದಲ್ಲ, ಪಡೆದವರದು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಲ್ಲಿಯೂ ಮಾಡುವವರು ಕಡಿಮೆ.

ದಕ್ಷಿಣ ಬೆಂಗಳೂರಿನಲ್ಲಿ ಇಂಥ ಡಿಕ್ರಿಗಳು ಹುಟ್ಟುವ ದಾರಿಗಳು ಹಲವು. ಜಯನಗರದ ಅಂಗಡಿಗೆ ಸರಕು ಹಾಕಿದ ಸಗಟು ವ್ಯಾಪಾರಿಯ ಬಾಕಿ, ಬನಶಂಕರಿಯ ಮನೆಯೊಂದರಲ್ಲಿ ಮಗಳ ಮದುವೆಗೆಂದು ಪ್ರೊನೋಟು ಬರೆದುಕೊಟ್ಟು ತಂದ ಕೈಸಾಲ, ಜೆ.ಪಿ. ನಗರದಲ್ಲಿ ಅವಧಿ ಮುಗಿದರೂ ವಾಪಸು ಬಾರದ ಭೋಗ್ಯದ ಹಣ, ಬಿಟಿಎಂ ಲೇಔಟಿನಲ್ಲಿ ಮನೆ ಖಾಲಿ ಮಾಡಿದ ಹುಡುಗರಿಗೆ ಮಾಲೀಕರು ಕೊಡದೆ ಉಳಿಸಿಕೊಂಡ ಅಡ್ವಾನ್ಸು, ಎತ್ತಿದ ಮೇಲೆ ಕಟ್ಟದೆ ನಿಂತ ಚೀಟಿ ಕಂತು. ಇದರಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಸಾಲ ಕೊಟ್ಟವರು ಎಂದೊಡನೆ ಕಣ್ಣಿಗೆ ಬರುವುದು ಫೈನಾನ್ಸ್ ಕಂಪನಿ, ಬಡ್ಡಿ ವ್ಯಾಪಾರಿ. ಆದರೆ ಅಡ್ವಾನ್ಸಿಗಾಗಿ ದಾವೆ ಹೂಡಿ ಗೆದ್ದ ಬಾಡಿಗೆದಾರರೂ ಕಾನೂನಿನ ಲೆಕ್ಕದಲ್ಲಿ ಡಿಕ್ರಿದಾರರೇ. ನಿವೃತ್ತಿಯ ದುಡ್ಡನ್ನು ಪರಿಚಯದವರಿಗೆ ಕೊಟ್ಟು, ಕೋರ್ಟು ಹತ್ತಿ, ಕೊನೆಗೂ ವಸೂಲು ಮಾಡಿಕೊಂಡ ಹಿರಿಯರೂ ಡಿಕ್ರಿದಾರರೇ. ಮುಂದೆ ಹೇಳುವ ಕರ್ತವ್ಯ ಇವರೆಲ್ಲರ ಮೇಲೂ ಒಂದೇ ಸಮ ಬೀಳುತ್ತದೆ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶ ಪೂರ್ತಿ ಡಿಕ್ರಿ ಜಾರಿಗೆ ಸಂಬಂಧಿಸಿದ್ದು. ಅದರ 2ನೇ ನಿಯಮ ಹೇಳುವುದಿಷ್ಟು: ಕೋರ್ಟಿನ ಹೊರಗೆ ಡಿಕ್ರಿಯ ಹಣ ಸಂದಾಯವಾದರೆ, ಪೂರ್ತಿಯಾಗಲಿ ಭಾಗಶಃ ಆಗಲಿ, ಅಥವಾ ಇಬ್ಬರೂ ಬೇರೆ ರೀತಿಯಲ್ಲಿ ಹೊಂದಿಕೊಂಡರೆ, ಡಿಕ್ರಿದಾರರು ಅದನ್ನು ಜಾರಿ ಮಾಡುವ ಕೋರ್ಟಿಗೆ ದೃಢೀಕರಿಸಲೇಬೇಕು, ಕೋರ್ಟು ಅದನ್ನು ದಾಖಲಿಸಬೇಕು. ಇಷ್ಟವಿದ್ದರೆ ತಿಳಿಸಿ ಎಂಬ ಮಾತು ಅಲ್ಲಿಲ್ಲ. ವಕೀಲರು ಇದಕ್ಕೆ ಸಾಮಾನ್ಯವಾಗಿ ಒಂದು ಪುಟದ ಮೆಮೊ ಹಾಕುತ್ತಾರೆ. ದಾವೆಯ ನಂಬರು, ಎಷ್ಟು ಬಂತು, ಯಾವ ದಿನ, ಯಾವ ರೀತಿಯಲ್ಲಿ, ಇನ್ನೇನೂ ಬಾಕಿ ಇಲ್ಲ ಎಂಬ ಮಾತು, ಕೆಳಗೆ ಕಕ್ಷಿದಾರರ ಸಹಿ. ಕೆ.ಜಿ. ರಸ್ತೆ ಬದಿಯ ಸಿಟಿ ಸಿವಿಲ್ ಕೋರ್ಟಿನಲ್ಲಾಗಲಿ ಮೇಯೋ ಹಾಲಿನಲ್ಲಾಗಲಿ ಇದೊಂದು ದೊಡ್ಡ ಕೆಲಸವಲ್ಲ. ಡಿಕ್ರಿಯನ್ನು ಜಾರಿಗಾಗಿ ಬೇರೆ ಊರಿನ ಕೋರ್ಟಿಗೆ ವರ್ಗಾಯಿಸಿಕೊಂಡಿದ್ದರೆ, ಉದಾಹರಣೆಗೆ ಸಾಲಗಾರರ ಜಮೀನು ಕನಕಪುರದಲ್ಲಿದೆ ಎಂದು ಅಲ್ಲಿಗೆ ಕಳಿಸಿದ್ದರೆ, ಮೆಮೊ ಹಾಕಬೇಕಾದದ್ದು ಆ ಕೋರ್ಟಿನಲ್ಲಿ.

ಹಾಗಾದರೆ ತೊಡಕು ಎಲ್ಲಿ? ಇಷ್ಟು ದಿನದೊಳಗೆ ದೃಢೀಕರಿಸಬೇಕು ಎಂದು ನಿಯಮ ಡಿಕ್ರಿದಾರರಿಗೆ ಹೇಳಿಲ್ಲ. ಮಾಡದಿದ್ದರೆ ಇಷ್ಟು ದಂಡ ಎಂದೂ ಹೇಳಿಲ್ಲ. ಹಣ ಕೊಟ್ಟವರಿಗೆ ಮಾತ್ರ ಗಡುವು ಇಟ್ಟಿದೆ. ಡಿಕ್ರಿದಾರರು ಸುಮ್ಮನಿದ್ದರೆ ಸಾಲಗಾರರೇ ಕೋರ್ಟಿಗೆ ಹೋಗಿ ‘ನಾನು ಹಣ ಕೊಟ್ಟಿದ್ದೇನೆ, ದಾಖಲಿಸಿಕೊಳ್ಳಿ, ಬೇಡವೆನ್ನುವುದಾದರೆ ಕಾರಣ ಹೇಳಲು ಅವರಿಗೆ ನೋಟಿಸು ಕೊಡಿ’ ಎಂದು ಕೇಳಬಹುದು. ಹೀಗೆ ಕೇಳಲು 1963ರ ಕಾಲಮಿತಿ ಕಾಯ್ದೆಯ 125ನೇ ಅನುಚ್ಛೇದ ಕೊಟ್ಟಿರುವುದು ಹಣ ಸಂದಾಯವಾದ ದಿನದಿಂದ ಕೇವಲ 30 ದಿನ. ಬೇರೆ ಅರ್ಜಿಗಳು ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಲು ಅದೇ ಕಾಯ್ದೆಯ 5ನೇ ಕಲಂ ಇದೆ. ಆದರೆ 21ನೇ ಆದೇಶದ ಅರ್ಜಿಗಳನ್ನು ಆ ಕಲಂ ಹೆಸರಿಟ್ಟೇ ಹೊರಗಿಟ್ಟಿದೆ. ಜ್ವರ ಬಂದಿತ್ತು, ಊರಲ್ಲಿರಲಿಲ್ಲ, ವಕೀಲರು ಹೇಳಲಿಲ್ಲ ಎಂಬ ಯಾವ ಕಾರಣವೂ 31ನೇ ದಿನ ನಡೆಯುವುದಿಲ್ಲ.

ಇದರ ಮೇಲೆ ಅದೇ ನಿಯಮದ ಮೂರನೇ ಉಪನಿಯಮ ಬರುತ್ತದೆ. ದೃಢೀಕರಣವಾಗದ, ದಾಖಲಾಗದ ಸಂದಾಯವನ್ನು ಡಿಕ್ರಿ ಜಾರಿ ಮಾಡುವ ಯಾವ ಕೋರ್ಟೂ ಪರಿಗಣಿಸಬಾರದು ಎನ್ನುತ್ತದೆ ಅದು. ಡಿಕ್ರಿ ತೀರಿದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಜಾರಿ ಮಾಡುವ ಕೋರ್ಟೇ ತೀರ್ಮಾನಿಸಬೇಕು ಎಂದು ಸಂಹಿತೆಯ 47ನೇ ಕಲಂ ಹೇಳುತ್ತದಲ್ಲ, ಅದರ ಅಡಿಯಲ್ಲಾದರೂ ಕೇಳಬಹುದೇ? ಸುಲ್ತಾನಾ ಬೇಗಂ ಮತ್ತು ಪ್ರೇಮ್ ಚಂದ್ ಜೈನ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಒಟ್ಟಿಗೆ ಓದಿ, 2ನೇ ನಿಯಮದಂತೆ ದಾಖಲಾಗದ ಹೊಂದಾಣಿಕೆಯನ್ನು ಜಾರಿಯ ಕೋರ್ಟು ನೋಡುವಂತಿಲ್ಲ ಎಂದಿತು. 47ನೇ ಕಲಮು ವಿಶಾಲವಾದರೂ 2ನೇ ನಿಯಮದ ಬೇಲಿಯನ್ನು ದಾಟಲಾರದು.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಬನಶಂಕರಿ 2ನೇ ಹಂತದ ಒಬ್ಬರ ಮೇಲೆ 2014ರಲ್ಲಿ 4 ಲಕ್ಷ ರೂಪಾಯಿಗೆ ಡಿಕ್ರಿಯಾಯಿತು, ಶೇ 6ರ ಬಡ್ಡಿ ಎಂದಿಟ್ಟುಕೊಳ್ಳಿ. 2016ರಲ್ಲಿ ಅವರು ಜಯನಗರ 4ನೇ ಬ್ಲಾಕಿನ ಹೋಟೆಲೊಂದರಲ್ಲಿ ಕೂತು, ಇಬ್ಬರು ಸ್ನೇಹಿತರ ಎದುರಿಗೆ ಪೂರ್ತಿ ಹಣವನ್ನು ನಗದಾಗಿ ಕೊಟ್ಟರು. ಪಡೆದವರು ಸಜ್ಜನರೇ. ‘ಆಯಿತು ಬಿಡಿ ಸಾರ್, ನಮ್ಮ ಲಾಯರಿಗೆ ಹೇಳ್ತೀನಿ’ ಎಂದರು. ಲಾಯರಿಗೆ ಹೇಳಲಿಲ್ಲ. 2021ರಲ್ಲಿ ತೀರಿಕೊಂಡರು. ಅವರ ಮಕ್ಕಳಿಗೆ ಬೀರುವಿನಲ್ಲಿ ಡಿಕ್ರಿಯ ಪ್ರತಿ ಸಿಕ್ಕಿತು. ಅಪ್ಪನಿಗೆ ಬರಬೇಕಾದ ಹಣ ಎಂದುಕೊಂಡು 2025ರಲ್ಲಿ ಅಮಲ್ಜಾರಿ ಅರ್ಜಿ ಹಾಕಿದರು. 12 ವರ್ಷದ ಅವಧಿ ಇನ್ನೂ ಮುಗಿದಿಲ್ಲ. ಬಡ್ಡಿ 11 ವರ್ಷಕ್ಕೆ 2,64,000 ರೂಪಾಯಿ. ಕೋರ್ಟಿನ ಮುಂದಿರುವ ಬೇಡಿಕೆ ಈಗ 6,64,000. ಕೊಟ್ಟವರ ಕೈಯಲ್ಲಿ ರಶೀದಿ ಇಲ್ಲ, 30 ದಿನ ಮುಗಿದು ವರ್ಷಗಳಾಗಿವೆ. ಇಬ್ಬರು ಸ್ನೇಹಿತರ ಸಾಕ್ಷ್ಯವನ್ನು ಜಾರಿಯ ಕೋರ್ಟು ಕೇಳುವುದೇ ಇಲ್ಲ. ಇಲ್ಲಿ ಯಾರೂ ಮೋಸ ಮಾಡಲು ಹೊರಟಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ತಂದೆ ಹಾಕಬೇಕಾಗಿದ್ದ ಒಂದು ಪುಟದ ಮೆಮೊ ಇಲ್ಲದ ಕಾರಣಕ್ಕೆ ಎರಡು ಮನೆಗಳು ಕೋರ್ಟಿನ ಮೆಟ್ಟಿಲು ಹತ್ತುತ್ತವೆ.

ಕಾನೂನು ಇಷ್ಟು ಬಿಗಿಯಾದದ್ದಕ್ಕೂ ಕಾರಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಡಿಕ್ರಿಯಾದ ಮೇಲೆ ‘ನಾನಾಗಲೇ ಕೊಟ್ಟಿದ್ದೇನೆ’ ಎಂದು ಬಾಯಿಮಾತಿನ ಕಥೆ ಕಟ್ಟಿ ವರ್ಷಗಟ್ಟಲೆ ಎಳೆಯುವ ಸಾಲಗಾರರು ಎಲ್ಲ ಕಾಲದಲ್ಲೂ ಇದ್ದಾರೆ. ಜಾರಿಯ ಹಂತದಲ್ಲಿ ಮತ್ತೊಂದು ವಿಚಾರಣೆ ಶುರುವಾದರೆ ಗೆದ್ದವರಿಗೆ ಗೆದ್ದ ಫಲವೇ ಸಿಗದು. ಅದಕ್ಕೇ 1976ರ ತಿದ್ದುಪಡಿಯಲ್ಲಿ 2ಎ ಎಂಬ ಉಪನಿಯಮವೂ ಸೇರಿತು. ಸಾಲಗಾರರು ಕೇಳಿದರೆಂದು ಸಂದಾಯವನ್ನು ದಾಖಲಿಸಬೇಕಾದರೆ ಅದು 1ನೇ ನಿಯಮದಲ್ಲಿ ಹೇಳಿದ ರೀತಿಯಲ್ಲಿ ಆಗಿರಬೇಕು, ಇಲ್ಲವೇ ಬರಹದ ದಾಖಲೆಯಿಂದ ಸಾಬೀತಾಗಬೇಕು, ಇಲ್ಲವೇ ಡಿಕ್ರಿದಾರರೇ ಒಪ್ಪಿಕೊಳ್ಳಬೇಕು. ಗೆದ್ದವರ ಕಷ್ಟವೂ ಸಣ್ಣದಲ್ಲ. ಬೆಂಗಳೂರಿನ ಜಮೀನಿನ ವ್ಯಾಜ್ಯದಿಂದಲೇ ಮೇಲೆ ಹೋದ ರಾಹುಲ್ ಎಸ್. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ, ಅಮಲ್ಜಾರಿ ಅರ್ಜಿಗಳು 6 ತಿಂಗಳೊಳಗೆ ಮುಗಿಯಬೇಕು ಎಂದು ನಿರ್ದೇಶಿಸಿತು. 2025ರಲ್ಲಿ ಅದೇ ಕೋರ್ಟು ಹೈಕೋರ್ಟುಗಳಿಂದ ಲೆಕ್ಕ ತರಿಸಿಕೊಂಡಾಗ ದೇಶದಲ್ಲಿ 8.82 ಲಕ್ಷಕ್ಕೂ ಹೆಚ್ಚು ಅಮಲ್ಜಾರಿ ಅರ್ಜಿಗಳು ಬಾಕಿ ಇದ್ದವು.

ಈ ರಾಶಿಯ ನಡುವೆ ಹಣ ಬಂದರೂ ಮುಗಿಯದ ಕಡತಗಳು ಸೇರಿಕೊಳ್ಳಬಾರದು. ವಾಯಿದೆ ಮೇಲೆ ವಾಯಿದೆ ಬಿದ್ದು, ಡಿಕ್ರಿದಾರರು ಬಾರದೆ, ಅಮೀನರಿಗೆ ಸುಮ್ಮನೆ ವಾರಂಟು ಹೋಗಿ ವಾಪಸಾಗುವುದರಿಂದ ಯಾರಿಗೂ ಲಾಭವಿಲ್ಲ.

ಸಾಲ ತೀರಿದ್ದನ್ನು ಬರಹದಲ್ಲಿ ಕಾಣಿಸಬೇಕು ಎಂಬ ವಿವೇಕ ಬ್ರಿಟಿಷರ ಜೊತೆ ಬಂದದ್ದಲ್ಲ. ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ಚರ್ಚೆಯಿಂದ ಅದರ ಹೆಸರು ಎಲ್ಲರಿಗೂ ಗೊತ್ತು. ಸಾಲದ ಭಾಗವನ್ನು ಓದುವವರು ಕಡಿಮೆ. ಆ ಸ್ಮೃತಿಯ ವಿಧಿ ಹೀಗಿದೆ: ಕಂತುಕಂತಾಗಿ ಕೊಟ್ಟ ಹಣವನ್ನು ಸಾಲಪತ್ರದ ಹಿಂಬದಿಯಲ್ಲಿ ಬರೆಯುತ್ತ ಹೋಗಬೇಕು, ಇಲ್ಲವೇ ಸಾಲ ಕೊಟ್ಟವನು ತನ್ನ ಕೈಗುರುತಿನ ರಶೀದಿ ಕೊಡಬೇಕು. ಪೂರ್ತಿ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಅದಾಗದಿದ್ದರೆ ತೀರುವಳಿಗೆ ಬೇರೊಂದು ಪತ್ರ ಮಾಡಿಸಬೇಕು. ಸಾಕ್ಷಿಗಳ ಎದುರು ಪಡೆದದ್ದನ್ನು ಸಾಕ್ಷಿಗಳ ಎದುರೇ ತೀರಿಸಬೇಕು. ಡಿಕ್ರಿ ಕೋರ್ಟಿನ ವಶದಲ್ಲಿರುವ ಪತ್ರ, ಅದನ್ನು ನಾವು ಹರಿಯಲಾರೆವು. ಆದ್ದರಿಂದ ತೀರುವಳಿಯ ಬೇರೊಂದು ಪತ್ರವೇ ದಾರಿ. ಇಂದಿನ ಮೆಮೊ ಮಾಡುವ ಕೆಲಸವೂ ಅದೇ. ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ನೆಲದಲ್ಲಿ ವಿವರಿಸಿದ ಕರ್ತವ್ಯವನ್ನು ಇಂದಿನ ವಿದ್ಯಾವಂತ ಬಡಾವಣೆಗಳ ನಾವು ‘ಆಮೇಲೆ ನೋಡೋಣ’ ಎಂದು ಬಿಡುವುದು ಸರಿಯಲ್ಲ.

ಹಣ ಕೊಡುವವರು ಎಚ್ಚರ ವಹಿಸಬೇಕಾದದ್ದು ಕೊಡುವ ಹೊತ್ತಿನಲ್ಲೇ. 21ನೇ ಆದೇಶದ 1ನೇ ನಿಯಮದ ಪ್ರಕಾರ ಹಣವನ್ನು ಕೋರ್ಟಿಗೇ ಕಟ್ಟಬಹುದು. ಕೋರ್ಟಿನ ಹೊರಗಾದರೆ ಮನಿಯಾರ್ಡರ್, ಬ್ಯಾಂಕು ಅಥವಾ ಬರಹದ ಪುರಾವೆ ಇರುವ ಯಾವುದೇ ರೀತಿಯಲ್ಲಿ ಡಿಕ್ರಿದಾರರಿಗೇ ಕೊಡಬಹುದು. ಕೋರ್ಟಿಗೆ ಕಟ್ಟಿದರೆ ಡಿಕ್ರಿದಾರರಿಗೆ ಕೋರ್ಟಿನ ಮೂಲಕ ಇಲ್ಲವೇ ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕೊಡಬೇಕು. ನೋಟಿಸು ತಲುಪಿದ ದಿನದಿಂದ ಬಡ್ಡಿ ನಿಲ್ಲುತ್ತದೆ. ಬ್ಯಾಂಕು ಅಥವಾ ಅಂಚೆಯ ಮೂಲಕ ಕಳಿಸುವಾಗ ಮೂಲ ದಾವೆಯ ನಂಬರು, ಕಕ್ಷಿದಾರರ ಹೆಸರು, ಅಮಲ್ಜಾರಿ ಅರ್ಜಿ ಇದ್ದರೆ ಅದರ ನಂಬರು, ಹಣ ಅಸಲಿಗೋ ಬಡ್ಡಿಗೋ ಖರ್ಚಿಗೋ ಎಂಬುದನ್ನು ಬರೆಯಬೇಕು ಎಂದೂ ನಿಯಮ ಹೇಳುತ್ತದೆ. ಯುಪಿಐನಲ್ಲಿ ಕಳಿಸುವವರು ಇಷ್ಟನ್ನೂ ಷರಾ ಜಾಗದಲ್ಲಿ ತುಂಬಲಾರರು. ಅದಕ್ಕೆ ಒಂದು ಪತ್ರವೋ ಇ-ಮೇಲೋ ಜೊತೆಗಿರಲಿ. ಡಿಕ್ರಿದಾರರ ಹೆಂಡತಿಯ ಖಾತೆಗೆ, ಭಾಮೈದನ ಖಾತೆಗೆ ಹಾಕಬೇಡಿ. ಬಹಳ ಜನ ಮಾಡುವ ತಪ್ಪು ಇದೇ. ದೊಡ್ಡ ಮೊತ್ತವನ್ನು ನಗದಾಗಿ ಕೊಡುವುದಂತೂ ಬೇಡವೇ ಬೇಡ. 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚನ್ನು ಹಾಗೆ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನೂ ಬಿಡುವುದಿಲ್ಲ.

ಹಣ ಪಡೆಯಲು ಡಿಕ್ರಿದಾರರು ಒಪ್ಪದೆ ಆಟವಾಡಿಸಿದರೆ? ಬಡ್ಡಿ ಬೆಳೆಯಲಿ ಎಂದು ಮನಿಯಾರ್ಡರ್ ವಾಪಸು ಕಳಿಸಿದರೆ? ಆಗ ಹಣ ಮುಂದಿಟ್ಟ ದಿನದಿಂದಲೇ ಬಡ್ಡಿ ನಿಲ್ಲುತ್ತದೆ. ಹಣ ಬಂದಾಗ ತೆಗೆದುಕೊಳ್ಳುವುದು ಕೂಡ ಹೀಗೆ ಒಂದು ಬಗೆಯ ಕರ್ತವ್ಯವೇ ಆಗುತ್ತದೆ. ಕಂತಿನಲ್ಲಿ ಕೊಡುವವರಿಗೆ ಇನ್ನೊಂದು ಮಾತು. ಬೇರೆ ಒಪ್ಪಂದವಿಲ್ಲದಿದ್ದರೆ ಬಂದ ಹಣ ಮೊದಲು ಬಡ್ಡಿಗೆ, ಆಮೇಲೆ ಖರ್ಚಿಗೆ, ಕೊನೆಗೆ ಅಸಲಿಗೆ ಹೋಗುತ್ತದೆ. ಗುರುಪ್ರೀತ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ಕ್ರಮವನ್ನು ವಿವರಿಸಿದೆ. 4 ಲಕ್ಷ ಕೊಟ್ಟೆನಲ್ಲ ಎಂದು ಸಾಲಗಾರರು, ಇನ್ನೂ ಅಸಲು ಉಳಿದಿದೆಯಲ್ಲ ಎಂದು ಡಿಕ್ರಿದಾರರು ಜಗಳಕ್ಕೆ ಬೀಳುವುದು ಈ ಲೆಕ್ಕ ಗೊತ್ತಿಲ್ಲದೆ. ಪ್ರತಿ ಕಂತಿಗೂ ಲೆಕ್ಕದ ಚೀಟಿ ಬರೆದು ಇಬ್ಬರೂ ಸಹಿ ಹಾಕಿದರೆ ಆ ಜಗಳವೇ ಇರುವುದಿಲ್ಲ.

ಅಮಲ್ಜಾರಿ ಈಗಾಗಲೇ ಶುರುವಾಗಿದ್ದರೆ ಡಿಕ್ರಿದಾರರ ಹೊಣೆ ಮೆಮೊಗೆ ಮುಗಿಯುವುದಿಲ್ಲ. ಜಪ್ತಿಯನ್ನೇ ತೆಗೆದುಕೊಳ್ಳಿ. ಡಿಕ್ರಿಯ ಹಣ, ಖರ್ಚು, ಜಪ್ತಿಯ ವೆಚ್ಚ ಎಲ್ಲ ಕೋರ್ಟಿಗೆ ಸಂದಾಯವಾದರೆ ಅಥವಾ ಸಂದಾಯವಾಯಿತೆಂದು ಕೋರ್ಟಿಗೆ ದೃಢೀಕರಣವಾದರೆ ಜಪ್ತಿ ತೆರವಾದಂತೆಯೇ ಎಂದು 55ನೇ ನಿಯಮ ಹೇಳುತ್ತದೆ. ಸ್ಥಿರಾಸ್ತಿಯಾದರೆ, ಸಾಲಗಾರರು ಬಯಸಿದಲ್ಲಿ ಅವರದೇ ಖರ್ಚಿನಲ್ಲಿ ಅದನ್ನು ಸಾರಿಸಿ, ಪ್ರಕಟಣೆಯನ್ನು ಅಂಟಿಸಬೇಕು. ಕಾಗದದ ಮೇಲೆ ಸರಿಯಾಗಿದೆ. ಆದರೆ ಜಪ್ತಿಯ ಆದೇಶ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಋಣಭಾರ ಪತ್ರದಲ್ಲಿ, ಅಂದರೆ ನಾವು ಇ.ಸಿ. ಎನ್ನುವ ದಾಖಲೆಯಲ್ಲಿ, ನಮೂದಾಗಿದ್ದರೆ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಜೆ.ಪಿ. ನಗರದ ಫ್ಲಾಟು ಮಾರಲು ಹೊರಟಾಗ ಕೊಳ್ಳುವವರ ಬ್ಯಾಂಕಿನ ವಕೀಲರು ಕಾವೇರಿ ತಂತ್ರಾಂಶದಲ್ಲಿ ಇ.ಸಿ. ತೆಗೆದು ಆ ಸಾಲಿನ ಮೇಲೆ ಬೆರಳಿಡುತ್ತಾರೆ. ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. ತೆರವಿನ ಆದೇಶವನ್ನು ಕೋರ್ಟಿನಿಂದ ಪಡೆದು ಅದೇ ಸಬ್ ರಿಜಿಸ್ಟ್ರಾರಿಗೆ ತಲುಪಿಸುವವರೆಗೆ ಬಿಡುಗಡೆ ಇಲ್ಲ. ಇದಕ್ಕೆ ಓಡಾಡುವವರು ಸಾಲಗಾರರೇ ಇರಬಹುದು. ಬೇಕಾದ ಸಹಿಯನ್ನು ತಡಮಾಡದೆ ಹಾಕಿಕೊಡಬೇಕಾದವರು ಡಿಕ್ರಿದಾರರು.

ಸಂಬಳದ ಜಪ್ತಿ ಇನ್ನೂ ಸೂಕ್ಷ್ಮ. ಸಂಹಿತೆಯ 60ನೇ ಕಲಂ ಪ್ರಕಾರ ಸಾಮಾನ್ಯ ಡಿಕ್ರಿಗಳಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಭಾಗವನ್ನು ಮುಟ್ಟುವಂತಿಲ್ಲ. ಲೆಕ್ಕಕ್ಕೆ ಬರುವ ಸಂಬಳ 40,000 ಇದ್ದರೆ ತಿಂಗಳಿಗೆ 13,000 ಹಿಡಿಯಬಹುದು. ಹಿಡಿಯುವುದು ಉದ್ಯೋಗದಾತರು, ಕೋರ್ಟಿನ ಆದೇಶದಂತೆ. ಸಾಲಗಾರರು ನಡುವೆ ಎಲ್ಲಿಂದಲೋ ಹಣ ಹೊಂದಿಸಿ ಬಾಕಿಯನ್ನೆಲ್ಲ ಒಮ್ಮೆಲೇ ಡಿಕ್ರಿದಾರರಿಗೆ ಕೊಟ್ಟರೂ, ಕೋರ್ಟಿನಿಂದ ನಿಲ್ಲಿಸುವ ಸೂಚನೆ ಬಾರದೆ ಕಂಪನಿ ಕಡಿತ ನಿಲ್ಲಿಸುವುದಿಲ್ಲ. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಕಟ್ಟಿ, ಮಕ್ಕಳ ಸ್ಕೂಲ್ ಫೀಸು ಕಟ್ಟಿ ಬದುಕುವ ಮನೆಗೆ 13,000 ಅಂದರೆ ಏನು ಎಂದು ಡಿಕ್ರಿದಾರರು ಒಂದು ಕ್ಷಣ ಯೋಚಿಸಬೇಕು. ಬಂಧನದ ವಾರಂಟು ಹೊರಟಿದ್ದರಂತೂ ಮರುದಿನಕ್ಕೂ ಕಾಯಬಾರದು. ಕೊಡಲು ನಿಜಕ್ಕೂ ಶಕ್ತಿಯಿಲ್ಲದವರನ್ನು ಸಾಲಕ್ಕಾಗಿ ಜೈಲಿಗೆ ಕಳಿಸಲಾಗದು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಬರೆದರು. ಕೊಟ್ಟು ಮುಗಿಸಿದವರ ಬಾಗಿಲಿಗೆ ಅಮೀನರು ಬಂದು ನಿಂತರೆ ಅದಕ್ಕೆ ಏನೆನ್ನಬೇಕು?

ಒಂದೇ ಸಾಲಕ್ಕೆ ಸಿವಿಲ್ ದಾವೆಯನ್ನೂ ಚೆಕ್ ಬೌನ್ಸ್ ಕೇಸನ್ನೂ ಹಾಕುವುದು ನಮ್ಮಲ್ಲಿ ಸಾಮಾನ್ಯ. ಒಂದರಲ್ಲಿ ಬಂದ ಹಣವನ್ನು ಇನ್ನೊಂದರಲ್ಲಿ ಹೇಳಲೇಬೇಕು. ಚೆಕ್ ಕೇಸಿನಲ್ಲಿ ರಾಜಿ ಮಾಡಿಕೊಳ್ಳಲು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೇ ಕಲಂ ಅವಕಾಶ ಕೊಡುತ್ತದೆ. ಅದಕ್ಕೆ ದೂರುದಾರರು ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಬೇಕು. ಹಣ ಪಡೆದು ಕೋರ್ಟಿಗೆ ಬಾರದೆ ಉಳಿದರೆ ಎದುರಿನವರ ಮೇಲೆ ಕ್ರಿಮಿನಲ್ ಕೇಸು ಹಾಗೇ ತೂಗುತ್ತಿರುತ್ತದೆ. ಲೋಕ ಅದಾಲತಿನಲ್ಲಿ ರಾಜಿಯಾದವರಿಗೂ ಇದೇ ಮಾತು. ಅಲ್ಲಿಯ ಅವಾರ್ಡು ಡಿಕ್ರಿಗೆ ಸಮ. ಕಂತುಗಳು ಮುಗಿದ ಮೇಲೆ ಅದನ್ನೂ ಸಂದಾಯವಾಗಿದೆ ಎಂದು ದಾಖಲಿಸಬೇಕು.

ಬ್ಯಾಂಕುಗಳ ವಿಷಯದಲ್ಲಿ ಮಾತ್ರ ಈಗ ಗಡುವೂ ಇದೆ, ದಂಡವೂ ಇದೆ. ಸಾಲ ಪೂರ್ತಿ ತೀರಿದ ಅಥವಾ ಇತ್ಯರ್ಥವಾದ 30 ದಿನಗಳೊಳಗೆ ಮೂಲ ಆಸ್ತಿ ಪತ್ರಗಳನ್ನು ಹಿಂದಿರುಗಿಸಬೇಕು, ನೋಂದಣಿಯಾದ ಋಣಭಾರವನ್ನು ತೆಗೆಸಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಸೆಪ್ಟೆಂಬರ್ 13ರಂದು ಆದೇಶಿಸಿತು. 2023ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ. ಸಿಬಿಲ್‌ನಂಥ ಸಂಸ್ಥೆಗಳಲ್ಲಿರುವ ಸಾಲದ ಚರಿತ್ರೆ ತಪ್ಪಾಗಿದ್ದು, ದೂರು ಕೊಟ್ಟ 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಎಂಬ ನಿಯಮವೂ 2024ರ ಏಪ್ರಿಲಿನಿಂದ ಇದೆ. ಬ್ಯಾಂಕಿನ ಡಿಕ್ರಿ ತೀರಿಸಿದವರು ಬೇಬಾಕಿ ಪತ್ರ, ಮೂಲ ಪತ್ರಗಳು, ಕೋರ್ಟಿನ ದಾಖಲೆ, ಸಿಬಿಲ್ ವರದಿ ನಾಲ್ಕನ್ನೂ ಕೇಳಿ ಪಡೆಯಬೇಕು. ಕಡಿಮೆ ಮೊತ್ತಕ್ಕೆ ಇತ್ಯರ್ಥವಾದ ಸಾಲ ವರದಿಯಲ್ಲಿ ‘ಸೆಟಲ್ಡ್’ ಎಂದು ಕಾಣುತ್ತದೆ, ಪೂರ್ತಿ ಕಟ್ಟಿದ್ದು ‘ಕ್ಲೋಸ್ಡ್’ ಎಂದು. ಪೂರ್ತಿ ಕಟ್ಟಿಯೂ ಮೊದಲಿನ ಪದ ಉಳಿದಿದ್ದರೆ ಮುಂದಿನ ಮನೆಸಾಲಕ್ಕೆ ಅದು ಅಡ್ಡಿಯಾಗುತ್ತದೆ, ಆದ್ದರಿಂದ ತಿದ್ದಿಸಿಕೊಳ್ಳಬೇಕು.

ಬ್ಯಾಂಕಿಗೆ ಇಡಬಹುದಾದ ಗಡುವನ್ನು ಬೇರೆ ಡಿಕ್ರಿದಾರರಿಗೂ ಯಾಕೆ ಇಡಬಾರದು ಎಂಬುದು ನನ್ನ ಪ್ರಶ್ನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತೀರ್ಪಿನ ಹಣ ಪೂರ್ತಿ ಬಂದೊಡನೆ ಸಾಲ ಕೊಟ್ಟವರು ಕೋರ್ಟಿಗೆ ಸಂದಾಯದ ಸ್ವೀಕೃತಿ ಹಾಕಬೇಕು. ಹಾಕದಿದ್ದರೆ ಸಾಲಗಾರರು ಬರಹದಲ್ಲಿ ಕೇಳಬಹುದು. ಕೇಳಿದ 15 ದಿನಗಳಲ್ಲಿ, ಸಕಾರಣವಿಲ್ಲದೆ ಮಾಡದಿದ್ದರೆ ಆದ ನಷ್ಟವನ್ನೆಲ್ಲ ತುಂಬಿ ಮೇಲೆ 100 ಡಾಲರ್ ತೆರಬೇಕು. ಇಂಗ್ಲೆಂಡಿನಲ್ಲಿ ಕೌಂಟಿ ಕೋರ್ಟಿನ ತೀರ್ಪುಗಳಿಗೆ ಸಾರ್ವಜನಿಕ ನೋಂದಣಿ ಪುಸ್ತಕವಿದೆ. ಒಂದು ತಿಂಗಳೊಳಗೆ ಹಣ ಕಟ್ಟಿದರೆ ಹೆಸರೇ ತೆಗೆಯಲ್ಪಡುತ್ತದೆ, ಆಮೇಲೆ ಕಟ್ಟಿದರೆ ‘ತೀರಿದೆ’ ಎಂಬ ಗುರುತು ಬೀಳುತ್ತದೆ. ನಮ್ಮ ನಿಯಮದ ಬೆನ್ನೆಲುಬು ಚೆನ್ನಾಗಿಯೇ ಇದೆ. ‘ಡಿಕ್ರಿದಾರರು ದೃಢೀಕರಿಸಬೇಕು’ ಎಂಬ ವಾಕ್ಯಕ್ಕೆ ‘30 ದಿನಗಳೊಳಗೆ’ ಎಂಬ ಮಾತನ್ನೂ, ತಪ್ಪಿದರೆ ಒಂದು ಮೊತ್ತವನ್ನೂ ಸೇರಿಸಿದರೆ ಸಾಕು. ಕೊಟ್ಟವರಿಗೆ 30 ದಿನ ಇರುವಾಗ ಪಡೆದವರಿಗೂ 30 ದಿನ ಇರುವುದು ನ್ಯಾಯ.

ಬೇಕೆಂತಲೇ ಮೋಸ ಮಾಡುವವರಿಗೆ ಕಾನೂನು ಈಗಲೂ ಸುಮ್ಮನಿಲ್ಲ. ತೀರಿದ ಡಿಕ್ರಿಯನ್ನು ವಂಚನೆಯಿಂದ ಮತ್ತೆ ಜಾರಿ ಮಾಡಿಸುವುದು ಅಪರಾಧ. ಹಿಂದೆ ಭಾರತೀಯ ದಂಡ ಸಂಹಿತೆಯ 210ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 247ನೇ ಕಲಂ; 2 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಮಲ್ಜಾರಿ ಅರ್ಜಿ ಬರೆಯುವಾಗಲೇ, ಡಿಕ್ರಿಯ ನಂತರ ಏನಾದರೂ ಹಣ ಬಂದಿದೆಯೇ, ಬಂದಿದ್ದರೆ ಎಷ್ಟು ಎಂದು 11ನೇ ನಿಯಮದಂತೆ ತಿಳಿಸಿ, ಸತ್ಯವೆಂದು ಸಹಿ ಹಾಕಬೇಕು. ಬಂದದ್ದನ್ನು ಮುಚ್ಚಿಟ್ಟವರು ಕೋರ್ಟಿನ ಎದುರೇ ಸುಳ್ಳು ಬರೆದಂತೆ. ಇನ್ನೊಂದು ಕರ್ತವ್ಯವೂ ಉಳಿದಿದೆ: ಹಣ ಪಡೆದ ಮೇಲೆ ಮೇಲ್ಮನವಿಯಲ್ಲಿ ಡಿಕ್ರಿಯೇ ರದ್ದಾದರೆ 144ನೇ ಕಲಂ ಪ್ರಕಾರ ಪಡೆದದ್ದನ್ನು ಹಿಂದಿರುಗಿಸಬೇಕು, ಕೋರ್ಟು ಬಡ್ಡಿಯನ್ನೂ ಸೇರಿಸಬಹುದು. ಮೇಲ್ಮನವಿ ಬಾಕಿ ಇರುವಾಗ ಬಂದ ಹಣವನ್ನು ತಮ್ಮದೇ ಎಂದು ಖರ್ಚು ಮಾಡುವ ಮುಂಚೆ ಇದು ನೆನಪಿರಲಿ.

ವಕೀಲರ ಫೀಸಿಗೆ ಹೆದರಿ ಈ ಕೆಲಸವನ್ನು ಮುಂದೂಡುವವರಿಗೆ ಹತ್ತಿರದಲ್ಲೇ ನೆರವಿದೆ. ಲಾಲ್‌ಬಾಗಿನಿಂದ ದೂರವಿಲ್ಲದ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಪಡೆಯುವ ಹಕ್ಕಿದೆ. ಆದಾಯ ಕಡಿಮೆ ಇರುವ ಇತರರಿಗೂ ಇದೆ. ದೂರವಾಣಿಯಲ್ಲಿ 15100ಕ್ಕೆ ಕರೆ ಮಾಡಿ ಕೇಳಬಹುದು.

ಡಿಕ್ರಿಯ ಹಣ ಈಗಾಗಲೇ ಪಡೆದಿರುವ ಓದುಗರಲ್ಲಿ ನನ್ನದೊಂದು ವಿನಂತಿ. ಪಡೆದು ಎಷ್ಟು ವರ್ಷವಾಗಿದ್ದರೂ ಚಿಂತೆಯಿಲ್ಲ, ನಿಮ್ಮ ದೃಢೀಕರಣಕ್ಕೆ ಕಾಲಮಿತಿ ಇಲ್ಲ. ಈ ವಾರ ನಿಮ್ಮ ವಕೀಲರಿಗೆ ಫೋನ್ ಮಾಡಿ, ಮೆಮೊ ಹಾಕಿಸಿ, ಅದರ ಒಂದು ಪ್ರತಿಯನ್ನು ಹಣ ಕೊಟ್ಟವರ ಮನೆಗೆ ಕಳಿಸಿ. ಹಣ ಕೊಟ್ಟು ಇನ್ನೂ 30 ದಿನ ಆಗದವರು ಕಾಯುತ್ತ ಕೂರಬೇಡಿ, ನೀವೇ ಅರ್ಜಿ ಹಾಕಿ.